ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಕೈ ಬಾವು: ಯಾರಿಗೆ ಅಪಾಯ ಹೆಚ್ಚು, ಅಳೆಯುವುದು ಹೇಗೆ, ತಡೆಯುವುದು ಹೇಗೆ

"ಆಪರೇಷನ್ ಆದ ಕೈಯಲ್ಲಿ ಏನೂ ಎತ್ತಬೇಡ, ಸೂಜಿ ಚುಚ್ಚಿಸಬೇಡ, ಬಿಪಿ ನೋಡಿಸಬೇಡ." ಮುಂಬಯಿಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಡೊಂಬಿವಲಿಗೋ ಮುಲುಂಡಿಗೋ ಮರಳುವ ನಮ್ಮ ಹೆಂಗಸರಿಗೆ ಪಕ್ಕದ ಮನೆಯವರಿಂದ ಹಿಡಿದು ಊರಿನ ಫೋನಿನವರೆಗೆ ಎಲ್ಲರೂ ಹೇಳುವ ಮಾತು ಇದು. ಕೈ ಬಾವು, ಅಂದರೆ ಲಿಂಫೆಡಿಮಾ, ಬರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ದೊಡ್ಡ ಕಾರಣಗಳಲ್ಲಿ ಈ ಮೂರೂ ಇಲ್ಲ. ದೊಡ್ಡ ಕಾರಣಗಳು ಬೇರೆ: ಕಂಕುಳಿನಿಂದ ಎಷ್ಟು ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದರು, ಆ ಭಾಗಕ್ಕೆ ರೇಡಿಯೇಷನ್ ಕೊಟ್ಟರೇ, ದೇಹದ ತೂಕ ಎಷ್ಟು, ಆ ಕೈಗೆ ಸೋಂಕು ತಗಲಿತೇ. ಮೊದಲೆರಡು ಆಗಿಹೋದ ಸಂಗತಿಗಳು. ಕೊನೆಯ ಎರಡು ನಿಮ್ಮ ಕೈಯಲ್ಲೇ ಇವೆ. ಆದ್ದರಿಂದ ಎಲ್ಲದಕ್ಕೂ ಸಮನಾಗಿ ಹೆದರುವ ಬದಲು ನಿಮ್ಮ ಅಪಾಯ ಯಾವ ಮಟ್ಟದ್ದು ಎಂದು ಮೊದಲು ತಿಳಿದುಕೊಳ್ಳಿ. ಅದಕ್ಕೆ ತಕ್ಕಷ್ಟು ಎಚ್ಚರ ಸಾಕು.

ಕಂಕುಳಿನಲ್ಲಿ ಸಾಮಾನ್ಯವಾಗಿ 20ರಿಂದ 30 ದುಗ್ಧಗ್ರಂಥಿಗಳಿರುತ್ತವೆ. ಕೈ, ಸ್ತನ ಮತ್ತು ಎದೆಯ ಪಕ್ಕದ ದುಗ್ಧರಸ (ಲಿಂಫ್ ದ್ರವ) ಇವುಗಳ ಮೂಲಕವೇ ರಕ್ತಕ್ಕೆ ಮರಳುತ್ತದೆ. ಗ್ರಂಥಿಗಳನ್ನು ತೆಗೆದಾಗ, ರೇಡಿಯೇಷನ್ನಿಂದ ಉಳಿದ ನಾಳಗಳು ಗಡಸಾದಾಗ ಹೊರಹೋಗುವ ದಾರಿ ಕಿರಿದಾಗುತ್ತದೆ. ಪರೇಲಿನ ಹಿಂದ್‌ಮಾತಾ ಚೌಕ ಸಣ್ಣ ಮಳೆಯನ್ನು ತಡೆದುಕೊಂಡು ದೊಡ್ಡ ಮಳೆಗೆ ಮುಳುಗುವ ಹಾಗೆ, ಕಿರಿದಾದ ದಾರಿಯೂ ದಿನನಿತ್ಯದ ಹರಿವನ್ನು ಸಾಗಿಸುತ್ತದೆ. ಸೋಂಕು, ಸುಟ್ಟಗಾಯ, ಏರಿದ ತೂಕ ಹರಿವನ್ನು ಹೆಚ್ಚಿಸಿದಾಗ ಸೋಲುತ್ತದೆ. ಹಾಗೆ ನಿಂತ ದ್ರವದಲ್ಲಿ ಪ್ರೋಟೀನ್ ಹೆಚ್ಚು. ತಿಂಗಳುಗಟ್ಟಲೆ ನಿಂತರೆ ಅಲ್ಲಿ ನಾರು ಮತ್ತು ಕೊಬ್ಬು ಬೆಳೆದು ಚರ್ಮ ದಪ್ಪವಾಗುತ್ತದೆ. ಮೊದಮೊದಲು ಒತ್ತಿದರೆ ಕುಳಿ ಬೀಳುವ, ರಾತ್ರಿ ಕೈ ಎತ್ತಿಟ್ಟು ಮಲಗಿದರೆ ಇಳಿಯುವ ಬಾವು ಆಮೇಲೆ ಇಳಿಯದಂತಾಗುವುದು ಇದೇ ಕಾರಣಕ್ಕೆ. ಬೇಗ ಹಿಡಿಯಬೇಕು ಎನ್ನುವುದೂ ಇದಕ್ಕಾಗಿಯೇ.

ಹಂತ 1: ಫೈಲು ತೆರೆದು ಮೂರು ಸಾಲು ಹುಡುಕಿ

ಪರೇಲಿನ ಟಾಟಾ ಮೆಮೋರಿಯಲ್ ಇರಲಿ, ಬೇರೆ ಆಸ್ಪತ್ರೆ ಇರಲಿ, ನಿಮ್ಮ ಫೈಲಿನಲ್ಲಿ ಡಿಸ್ಚಾರ್ಜ್ ಕಾರ್ಡ್, ಹಿಸ್ಟೊಪೆಥಾಲಜಿ ರಿಪೋರ್ಟ್ (ಆಪರೇಷನ್ನಿನಲ್ಲಿ ತೆಗೆದ ಭಾಗದ ಲ್ಯಾಬ್ ಪರೀಕ್ಷೆ) ಮತ್ತು ರೇಡಿಯೇಷನ್ ಸಮ್ಮರಿ ಇರುತ್ತವೆ. ಈ ಮೂರರಲ್ಲೇ ಉತ್ತರವಿದೆ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಆಪರೇಷನ್ನಿನ ಹೆಸರು ನೋಡಿ. 'ಆಕ್ಸಿಲರಿ ಕ್ಲಿಯರೆನ್ಸ್' ಅಥವಾ 'ಆಕ್ಸಿಲರಿ ಡಿಸೆಕ್ಷನ್' ಎಂದಿದ್ದರೆ ಕಂಕುಳಿನ ಗ್ರಂಥಿಗಳನ್ನು ಗುಂಪಾಗಿ ತೆಗೆದಿದ್ದಾರೆ. 'ಸೆಂಟಿನೆಲ್ ನೋಡ್ ಬಯಾಪ್ಸಿ' ಎಂದಿದ್ದರೆ ಬಣ್ಣ ಅಥವಾ ಐಸೊಟೋಪ್ ಕೊಟ್ಟು ಅದು ಮೊದಲು ತಲುಪುವ ಕೆಲವು ಗ್ರಂಥಿಗಳನ್ನು ಮಾತ್ರ ತೆಗೆದಿದ್ದಾರೆ. ಟಾಟಾದ ಕಾರ್ಡುಗಳಲ್ಲಿ 'ಲೋ ಆಕ್ಸಿಲರಿ ಸ್ಯಾಂಪ್ಲಿಂಗ್' ಎಂಬ ಹೆಸರೂ ಸಿಗಬಹುದು. ಅದು ಕಂಕುಳಿನ ಕೆಳಭಾಗದ ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ವಿಧಾನ, ಪೂರ್ತಿ ಕ್ಲಿಯರೆನ್ಸ್ ಅಲ್ಲ.

ಹಿಸ್ಟೊಪೆಥಾಲಜಿ ರಿಪೋರ್ಟಿನಲ್ಲಿ 3/16 ಎಂಬಂಥ ಅಂಕಿ ಇರುತ್ತದೆ. 16 ಎಂದರೆ ತೆಗೆದು ಪರೀಕ್ಷಿಸಿದ ಗ್ರಂಥಿಗಳು, 3 ಎಂದರೆ ಅವುಗಳಲ್ಲಿ ಕ್ಯಾನ್ಸರ್ ಇದ್ದವು. ಮನೆಮಂದಿ ನೋಡುವುದು ಮೇಲಿನ ಅಂಕಿಯನ್ನು. ಕೈ ಬಾವಿನ ಲೆಕ್ಕಕ್ಕೆ ಮುಖ್ಯವಾದದ್ದು ಕೆಳಗಿನದು. 0/18 ಬಂದವರು ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಸಂತೋಷಪಡುವುದು ಸರಿಯೇ, ಆದರೆ ಕೈಯ ಮಟ್ಟಿಗೆ ಅವರ ಅಪಾಯ 0/2 ಬಂದವರಿಗಿಂತ ಬಹಳ ಹೆಚ್ಚು. ಫೈಲಿನಲ್ಲಿ ಅಂಕಿ ಕಾಣದಿದ್ದರೆ ಓಪಿಡಿಯಲ್ಲಿ ಹಿಂದಿಯಲ್ಲೇ ಕೇಳಿ: "ಬಗಲ್ ಕೀ ಕುಲ್ ಕಿತ್ನೀ ಗಾಂಠೇ ನಿಕಾಲೀ?" ಉತ್ತರವನ್ನು ಫೈಲಿನ ಮೊದಲ ಪುಟದಲ್ಲಿ ಬರೆಸಿಕೊಳ್ಳಿ.

ರೇಡಿಯೇಷನ್ ಸಮ್ಮರಿಯಲ್ಲಿ ಎಷ್ಟು ದಿನ ಕೊಟ್ಟರು ಎಂಬುದಕ್ಕಿಂತ ಎಲ್ಲಿಗೆ ಕೊಟ್ಟರು ಎಂಬುದು ಮುಖ್ಯ. ಸ್ತನಕ್ಕೆ ಅಥವಾ ಎದೆಗೋಡೆಗೆ ಮಾತ್ರವೇ, ಇಲ್ಲಾ ಕಾಲರ್ ಮೂಳೆಯ ಮೇಲಿನ ಭಾಗಕ್ಕೆ ಮತ್ತು ಕಂಕುಳಿಗೂ ಕೊಟ್ಟಿದ್ದಾರೆಯೇ? 'ಎಸ್‌ಸಿಎಫ್', 'ಸುಪ್ರಾಕ್ಲಾವಿಕ್ಯುಲರ್', 'ರೀಜನಲ್ ನೋಡಲ್' ಎಂಬ ಪದಗಳಿದ್ದರೆ ಗ್ರಂಥಿಗಳ ಜಾಗಕ್ಕೂ ಕರೆಂಟ್, ಅಂದರೆ ರೇಡಿಯೇಷನ್, ಹೋಗಿದೆ ಎಂದು ಅರ್ಥ.

ಈಗ ನಿಮ್ಮ ಅಪಾಯದ ಮೆಟ್ಟಿಲು ಹುಡುಕಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ತನ್ನ ರೋಗಿಗಳ ಕೈಗಳನ್ನು ವರ್ಷಗಟ್ಟಲೆ ಅಳೆದು 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 5 ವರ್ಷದೊಳಗೆ ಬಾವು ಬಂದವರ ಪ್ರಮಾಣ ಹೀಗಿತ್ತು: ಸೆಂಟಿನೆಲ್ ಬಯಾಪ್ಸಿ ಮಾತ್ರ ಆದವರಲ್ಲಿ ಸುಮಾರು 8%, ಅದರ ಜೊತೆ ಗ್ರಂಥಿಗಳಿಗೆ ರೇಡಿಯೇಷನ್ ಆದವರಲ್ಲಿ ಸುಮಾರು 11%, ಕ್ಲಿಯರೆನ್ಸ್ ಮಾತ್ರ ಆದವರಲ್ಲಿ ಸುಮಾರು 25%, ಕ್ಲಿಯರೆನ್ಸ್, ಗ್ರಂಥಿಗಳಿಗೆ ರೇಡಿಯೇಷನ್ ಎರಡೂ ಆದವರಲ್ಲಿ ಸುಮಾರು 30%. ದೊಡ್ಡ ಜಿಗಿತ ಇರುವುದು 11ರಿಂದ 25ಕ್ಕೆ. ಹೆಚ್ಚಿನವರು ಕರೆಂಟಿಗೆ ಹೆದರುತ್ತಾರೆ, ಆದರೆ ಕೈಗೆ ಹೆಚ್ಚು ಭಾರವಾಗುವುದು ಕ್ಲಿಯರೆನ್ಸ್. ಇನ್ನೂ ಆಪರೇಷನ್ ಆಗದವರು ಸರ್ಜನ್‌ರನ್ನು ಕೇಳಲೇಬೇಕಾದ ಪ್ರಶ್ನೆ ಇಲ್ಲಿದೆ: "ನನಗೆ ಪೂರ್ತಿ ಕ್ಲಿಯರೆನ್ಸ್ ಬೇಕೇಬೇಕೇ?" ಯುರೋಪಿನ ಅಮರೋಸ್ ಅಧ್ಯಯನದಲ್ಲಿ ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕವರಿಗೆ ಕ್ಲಿಯರೆನ್ಸ್ ಬದಲು ಕಂಕುಳಿಗೆ ರೇಡಿಯೇಷನ್ ಕೊಟ್ಟಾಗ ಕಂಕುಳಿನಲ್ಲಿ ರೋಗ ಮರಳುವುದು ಎರಡೂ ಗುಂಪುಗಳಲ್ಲಿ ಅಪರೂಪವಾಗಿತ್ತು. 5 ವರ್ಷದ ಹೊತ್ತಿಗೆ ಬಾವು ಮಾತ್ರ ಕ್ಲಿಯರೆನ್ಸ್ ಗುಂಪಿನಲ್ಲಿ 23%, ರೇಡಿಯೇಷನ್ ಗುಂಪಿನಲ್ಲಿ 11%. ಎಲ್ಲರಿಗೂ ಇದು ಅನ್ವಯಿಸದು. ಕಂಕುಳಿನಲ್ಲಿ ಗಡ್ಡೆ ಕೈಗೇ ಸಿಗುವಂತಿದ್ದರೆ ಕ್ಲಿಯರೆನ್ಸ್ ಬೇಕಾಗಬಹುದು, ಅದನ್ನು ತಪ್ಪಿಸಲು ಹಟ ಹಿಡಿಯುವುದು ಜಾಣತನವಲ್ಲ.

ಡೋಸಿಟ್ಯಾಕ್ಸೆಲ್‌ನಂಥ ಟ್ಯಾಕ್ಸೇನ್ ಕೀಮೋ ಕೂಡ ದೇಹದಲ್ಲಿ ನೀರು ತುಂಬಿಸುತ್ತದೆ. ಎರಡೂ ಕಾಲು, ಎರಡೂ ಕೈ ಒಟ್ಟಿಗೆ ಊದಿದರೆ ಅದು ಹೆಚ್ಚಾಗಿ ಔಷಧದ ಬಾವು, ಕೀಮೋ ಮುಗಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ.

ಹಂತ 2: ತೂಕ

ಕಿಲೋಗ್ರಾಂ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 155 ಸೆಂ.ಮೀ. ಎತ್ತರ, 68 ಕಿಲೋ ತೂಕ ಇದ್ದರೆ 68 ÷ 1.55 ÷ 1.55 = 28.3. ಇದು ಬಿಎಂಐ. 25 ದಾಟಿದವರಲ್ಲಿ ಬಾವಿನ ಅಪಾಯ ಹೆಚ್ಚುತ್ತದೆ, 30 ದಾಟಿದರೆ ಇನ್ನೂ ಹೆಚ್ಚು. ಚಿಕಿತ್ಸೆಯ ಸಮಯದಲ್ಲಿ ತೂಕ ಏರುವುದು ನಮ್ಮಲ್ಲಿ ಬಹಳ ಸಾಮಾನ್ಯ: ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಮುಟ್ಟು ನಿಲ್ಲುತ್ತದೆ, ಮನೆಯವರು ಶಕ್ತಿ ಬರಲೆಂದು ತುಪ್ಪ, ಗಂಜಿ, ಲಾಡು ತಿನ್ನಿಸುತ್ತಾರೆ, ನಡೆಯಲು ಬಿಡುವುದಿಲ್ಲ. ಕೀಮೋ ನಡೆಯುವಾಗ ಉಪವಾಸ, ಕಟ್ಟುನಿಟ್ಟಿನ ಡಯಟ್ ಬೇಡ. ತೂಕ ಏರದಂತೆ ಹಿಡಿದಿಟ್ಟರೆ ಸಾಕು. ಬೇಳೆ, ಮೊಟ್ಟೆ, ಮೀನು ಹೆಚ್ಚಿಸಿ, ಅನ್ನದ ಪಾಲು ಇಳಿಸಿ, ದಿನಕ್ಕೆ 30 ನಿಮಿಷ ನಡೆಯಿರಿ. ಬಾವು ಬಂದು ಕೂತ ಮೇಲೆ ತೂಕ ಇಳಿಸಿದ ಮಾತ್ರಕ್ಕೆ ಅದು ಕರಗುವುದಿಲ್ಲ, ತೂಕದ ಲಾಭ ಇರುವುದು ಮುಂಚೆಯೇ ಎಚ್ಚರ ವಹಿಸಿದಾಗ.

ಹಂತ 3: ಟೇಪು ಹಿಡಿದು ಅಳೆಯುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡುವಿರಾದರೆ ಇದನ್ನು ಮಾಡಿ. ಮೊದಲ ಅಳತೆ ಆಪರೇಷನ್ನಿಗೆ ಮುಂಚೆ ಆಗಬೇಕು. ಬಲಗೈ ಬಳಸುವವರ ಬಲಗೈ ಸಾಮಾನ್ಯವಾಗಿ ಸ್ವಲ್ಪ ದಪ್ಪ. ಹಳೆಯ ಅಳತೆ ಇಲ್ಲದಿದ್ದರೆ ಮುಂದೆ ಕಾಣುವ ವ್ಯತ್ಯಾಸ ಬಾವೋ, ಸಹಜವೋ ಎಂದು ಹೇಳಲು ಆಗುವುದಿಲ್ಲ. ಆಪರೇಷನ್ ಆಗಿಹೋಗಿದ್ದರೆ ಇವತ್ತೇ ಅಳೆದಿಡಿ.

ಬೇಕಾದದ್ದು ಹಿಗ್ಗದ ದರ್ಜಿ ಟೇಪು, ತೊಳೆದರೆ ಹೋಗುವ ಪೆನ್ನು, ಒಂದು ನೋಟ್‌ಬುಕ್ಕು. ಹಳೆಯ ಬಟ್ಟೆ ಟೇಪು ಹಿಗ್ಗಿರುತ್ತದೆ, ಅದರಲ್ಲಿ ಅಳೆದರೆ ಬಾವು ಇದ್ದರೂ ಕಾಣದು.

ಬೆಳಿಗ್ಗೆ, ಮನೆಗೆಲಸ ಶುರುವಾಗುವ ಮೊದಲು ಕುಳಿತು ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿ. ಬೆರಳುಗಳ ಬುಡದಲ್ಲಿ, ಹೆಬ್ಬೆರಳು ಬಿಟ್ಟು, ಅಂಗೈ ಸುತ್ತ ಒಂದು ಅಳತೆ. ಮಣಿಕಟ್ಟಿನ ಮೂಳೆಯ ಮೇಲೆ ಒಂದು. ಅಲ್ಲಿಂದ ಮೇಲಕ್ಕೆ 10, 20, 30, 40 ಸೆಂ.ಮೀ.ಗೆ ಗುರುತು ಹಾಕಿ ಪ್ರತಿ ಗುರುತಿನಲ್ಲೂ ಸುತ್ತಳತೆ ತೆಗೆಯಿರಿ. ಟೇಪು ಚರ್ಮಕ್ಕೆ ತಾಗಿರಲಿ, ಒತ್ತದಿರಲಿ. ಕೈ ಗಿಡ್ಡವಾಗಿ 40 ಸಿಗದಿದ್ದರೆ 35ಕ್ಕೆ ನಿಲ್ಲಿಸಿ. ಎರಡೂ ಕೈಗಳನ್ನು ಅಳೆಯಬೇಕು. ಆಪರೇಷನ್ ಆದ ಕೈಯೊಂದನ್ನೇ ಅಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು: ತೂಕ ಏರಿದಾಗ ಎರಡೂ ಕೈ ದಪ್ಪವಾಗುತ್ತವೆ, ಒಂದನ್ನೇ ನೋಡಿದರೆ ಸುಳ್ಳು ಭಯ. ಅಳೆಯುವವರೂ ಪ್ರತಿ ಸಲ ಒಬ್ಬರೇ ಇದ್ದರೆ ಒಳ್ಳೆಯದು, ಮಗಳು ಬಿಗಿಯಾಗಿ ಹಿಡಿದು ಗಂಡ ಸಡಿಲವಾಗಿ ಹಿಡಿದರೆ ಅರ್ಧ ಸೆಂಟಿಮೀಟರು ಅಲ್ಲೇ ಹೋಗುತ್ತದೆ.

ಸುಲಭ ಲೆಕ್ಕ ಇದು. ಒಂದೇ ಗುರುತಿನಲ್ಲಿ ಎರಡು ಕೈಗಳ ವ್ಯತ್ಯಾಸವನ್ನು ಮೊದಲಿನ ವ್ಯತ್ಯಾಸದ ಜೊತೆ ಹೋಲಿಸಿ. ಮೊದಲು ಬಲಗೈ 24.0, ಎಡಗೈ 23.5 ಇದ್ದು, ಈಗ ಬಲಗೈ 25.2, ಎಡಗೈ 23.6 ಆಗಿದ್ದರೆ ವ್ಯತ್ಯಾಸ 0.5ರಿಂದ 1.6ಕ್ಕೆ ಏರಿದೆ. 1 ಸೆಂ.ಮೀ. ದಾಟಿದ ಏರಿಕೆ ಒಂದು ವಾರ ಬಿಟ್ಟು ಅಳೆದಾಗಲೂ ಉಳಿದಿದ್ದರೆ ಫಿಸಿಯೊಥೆರಪಿಸ್ಟ್‌ರನ್ನು ನೋಡಿ. 2 ಸೆಂ.ಮೀ. ವ್ಯತ್ಯಾಸವನ್ನು ಹೆಚ್ಚಿನ ಕಡೆ ಲಿಂಫೆಡಿಮಾ ಎಂದೇ ಪರಿಗಣಿಸುತ್ತಾರೆ, ಅಲ್ಲಿಯವರೆಗೆ ಕಾಯುವುದು ತಡವೇ.

ಲೆಕ್ಕದಲ್ಲಿ ಆಸಕ್ತಿ ಇರುವ ಮಗನೋ ಮಗಳೋ ಇದ್ದರೆ ಕೈಯ ಗಾತ್ರವನ್ನೇ ಮಿಲಿಲೀಟರ್‌ನಲ್ಲಿ ತೆಗೆಯಬಹುದು. ಪ್ರತಿ 10 ಸೆಂ.ಮೀ. ತುಂಡಿಗೆ ಕೆಳಗಿನ ಸುತ್ತಳತೆಯ ವರ್ಗ, ಮೇಲಿನದರ ವರ್ಗ ಮತ್ತು ಎರಡರ ಗುಣಲಬ್ಧ ಕೂಡಿಸಿ 3.77ರಿಂದ ಭಾಗಿಸಿ. 35ಕ್ಕೆ ನಿಲ್ಲಿಸಿದವರು ಕೊನೆಯ 5 ಸೆಂ.ಮೀ. ತುಂಡನ್ನು 7.54ರಿಂದ ಭಾಗಿಸಬೇಕು. ಮಣಿಕಟ್ಟು 15.5, ಮುಂದೆ 20.5, 23.5, 26, 29 ಇರುವ ಕೈಯ ನಾಲ್ಕು ತುಂಡುಗಳು ಸೇರಿ ಸುಮಾರು 1735 ಮಿ.ಲೀ. ಆಗುತ್ತದೆ. ಆಪರೇಷನ್ನಿಗೆ ಮುಂಚೆ ಆ ಕೈ 1735, ಇನ್ನೊಂದು 1700 ಇದ್ದು, ಈಗ 1850 ಮತ್ತು 1715 ಆಗಿದ್ದರೆ (1850 × 1700) ÷ (1735 × 1715) = 1.057. ಅಂದರೆ ತೂಕದ ಏರಿಳಿತ ಕಳೆದ ಮೇಲೂ 5.7% ಹೆಚ್ಚಳ. 5% ದಾಟಿದರೆ ಚಿಕಿತ್ಸೆಯ ಮಾತು ಶುರುಮಾಡಬೇಕು, 10% ದಾಟಿದರೆ ಅದು ಲಿಂಫೆಡಿಮಾ.

ಬಾವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ 3 ವರ್ಷಗಳಲ್ಲಿ. ಕ್ಲಿಯರೆನ್ಸ್ ಆದವರಲ್ಲಿ ಮೊದಲ ವರ್ಷದಲ್ಲೇ ಶುರುವಾಗಬಹುದು, ರೇಡಿಯೇಷನ್ನೂ ಸೇರಿದರೆ ಒಂದೂವರೆ ಎರಡು ವರ್ಷದ ಹೊತ್ತಿಗೂ ಬರುತ್ತದೆ. ಆದ್ದರಿಂದ ಮೊದಲ 3 ವರ್ಷ 3 ತಿಂಗಳಿಗೊಮ್ಮೆ, ಆಮೇಲೆ 6 ತಿಂಗಳಿಗೊಮ್ಮೆ ಅಳೆಯಿರಿ. ಟೇಪಿಗಿಂತ ಮೊದಲು ಮೈಗೇ ಗೊತ್ತಾಗುವುದುಂಟು: ಕೈ ಭಾರ ಎನಿಸುವುದು, ರವಿಕೆಯ ತೋಳು ಬಿಗಿಯಾಗುವುದು, ಬಳೆ ಸರಿಯದೆ ಗುರುತು ಬೀಳುವುದು, ಸಂಜೆ ಉಂಗುರ ಹೊರಬಾರದಿರುವುದು. ಸ್ತನ ಉಳಿಸಿಕೊಂಡವರು ಬ್ರಾ ಪಟ್ಟಿಯ ಗುರುತು ಆಳವಾಗಿದೆಯೇ ಎಂದೂ ನೋಡಲಿ, ಬಾವು ಸ್ತನದಲ್ಲೂ ಬೆನ್ನ ಪಕ್ಕದಲ್ಲೂ ಬರುತ್ತದೆ.

ಹಂತ 4: ಸೋಂಕನ್ನು ಕೈಯ ಹತ್ತಿರ ಬಿಡಬೇಡಿ

ದೊಡ್ಡ ಅಪಾಯಗಳಲ್ಲಿ ದಿನವೂ ನಿಮ್ಮ ಹಿಡಿತದಲ್ಲಿರುವುದು ಇದು. ಒಂದು ಸಲ ಸೆಲ್ಯುಲೈಟಿಸ್ (ಚರ್ಮದೊಳಗೆ ಹಬ್ಬುವ ಬ್ಯಾಕ್ಟೀರಿಯಾ ಸೋಂಕು) ಬಂದರೆ ಉಳಿದ ನಾಳಗಳೂ ಹಾಳಾಗಿ ಬಾವು ಕಾಯಂ ಆಗುವ ಸಾಧ್ಯತೆ ಹೆಚ್ಚು. ಬಾವು ಇರುವ ಕೈಗೆ ಮತ್ತೆ ಸೋಂಕು ತಗಲುವುದೂ ಸುಲಭ.

ಕರಾವಳಿಯಿಂದ ಬಂದ ಮನೆಗಳಲ್ಲಿ ಮೊದಲು ಹೇಳಬೇಕಾದದ್ದು ಮೀನು. ಮೀನಿನ ಮುಳ್ಳು, ಸಿಗಡಿಯ ಮೂತಿಯ ಗರಗಸ, ಏಡಿಯ ಕೊಂಬು ಚುಚ್ಚಿದ ಸಣ್ಣ ಗಾಯದಿಂದ ಸೋಂಕು ಒಳಗೆ ಹೋಗುತ್ತದೆ. ಮಾರುಕಟ್ಟೆಯಲ್ಲೇ ಶುಚಿ ಮಾಡಿಸಿ ತನ್ನಿ, ಮನೆಯಲ್ಲೇ ಮಾಡುವುದಾದರೆ ದಪ್ಪ ರಬ್ಬರ್ ಗ್ಲೌಸ್ ಹಾಕಿ. ಮೆಟ್ಟುಕತ್ತಿ, ತುರಿಮಣೆ ಬಳಸುವಾಗಲೂ ಹಾಗೆಯೇ. ಕ್ಲಿಯರೆನ್ಸ್ ಆದವರಲ್ಲಿ ಮೇಲ್ತೋಳಿನ ಒಳಭಾಗ ಮರಗಟ್ಟಿರುವುದು ಸಾಮಾನ್ಯ, ಆಪರೇಷನ್ ವೇಳೆ ಆ ಚರ್ಮಕ್ಕೆ ಹೋಗುವ ನರ ಕತ್ತರಿಸಿರಬಹುದು. ಅಲ್ಲಿ ಕುಕ್ಕರಿನ ಬಿಸಿ ತಾಗಿದರೂ, ಒಗ್ಗರಣೆಯ ಸಾಸಿವೆ ಸಿಡಿದರೂ ತಿಳಿಯುವುದಿಲ್ಲ. ರಾತ್ರಿ ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಅದೇ ಕಾರಣಕ್ಕೆ ಆ ಕೈಗೆ ಬಿಸಿ ಶಾಖ ಬೇಡ, ಜಿಗಣೆ ಬಿಡಿಸುವುದು ಬೇಡ, ಊರಲ್ಲಿ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸುವುದು ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ತೇವದಲ್ಲಿ ಕಂಕುಳು ಮತ್ತು ಬೆರಳ ಸಂದುಗಳಲ್ಲಿ ಹುಳುಕಡ್ಡಿ ಹಬ್ಬುತ್ತದೆ. ಬಿರಿದ ಚರ್ಮದಿಂದಲೇ ಬ್ಯಾಕ್ಟೀರಿಯಾ ನುಗ್ಗುವುದು. ಸ್ನಾನದ ನಂತರ ಒರೆಸಿ ಪೂರ್ತಿ ಒಣಗಿಸಿ, ಉಳಿದ ಕೈಗೆ ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. ಕಂಕುಳಿನ ಕೂದಲಿಗೆ ಬ್ಲೇಡು, ವ್ಯಾಕ್ಸ್ ಬದಲು ಎಲೆಕ್ಟ್ರಿಕ್ ಟ್ರಿಮ್ಮರ್. ಗಾಯವಾದರೆ ಸೋಪು ನೀರಿನಲ್ಲಿ ತೊಳೆದು, ಆಂಟಿಸೆಪ್ಟಿಕ್ ಹಚ್ಚಿ ಮುಚ್ಚಿ. ಅರಿಶಿನ ಮೆತ್ತಿ ಸುಮ್ಮನಿರಬೇಡಿ.

ಕೈ ಕೆಂಪಾಗಿ ಬಿಸಿಯಾಗಿ ನೋಯುತ್ತಿದ್ದು ಚಳಿ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿ ಹೋಗಬೇಕು, ಆಂಟಿಬಯಾಟಿಕ್ ತಡವಾಗಬಾರದು. ರಾತ್ರಿಯಾದರೆ ಎಮರ್ಜೆನ್ಸಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡಿ, ಅದು ದಾಟಿ ಹಬ್ಬುತ್ತಿದೆಯೇ ಎಂದು ವೈದ್ಯರಿಗೆ ತಿಳಿಯುತ್ತದೆ. ಊರಿಗೆ ಹೋಗುವಾಗ ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್ ಚೀಲದಲ್ಲಿರಲಿ. ಹಳ್ಳಿಯ ವೈದ್ಯರು ಆನೆಕಾಲಿನ ಬಾವೆಂದು ತಿಳಿದು ಡಿಇಸಿ ಮಾತ್ರೆ ಕೊಟ್ಟರೆ ಪ್ರಯೋಜನವಿಲ್ಲ, ಇಲ್ಲಿ ಕಾರಣ ಹುಳುವಲ್ಲ.

ಹಂತ 5: ಕೈಗೆ ಕೆಲಸ ಕೊಡಿ, ನಿಧಾನವಾಗಿ

ಆಪರೇಷನ್ ಗಾಯದ ದ್ರವ ಹೊರತೆಗೆಯುವ ಡ್ರೇನ್ ನಳಿಕೆ ಇರುವವರೆಗೆ ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ತಲೆ ಬಾಚಿಕೊಳ್ಳುವುದು ಸಾಕು. ಡ್ರೇನ್ ತೆಗೆದ ಮೇಲೆ ಗೋಡೆಗೆ ಬೆರಳಿಟ್ಟು ಮೇಲಕ್ಕೆ ಹತ್ತಿಸುವ ವ್ಯಾಯಾಮ ಶುರುಮಾಡಿ. ಈ ಹೊತ್ತಿಗೆ ಕೆಲವರಿಗೆ ಕಂಕುಳಿನಿಂದ ಮೊಣಕೈವರೆಗೆ ತಂತಿಯಂತೆ ಬಿಗಿಯಾದ ಎಳೆ ಕಾಣುತ್ತದೆ. ಅದು ಬಾವಲ್ಲ, ವ್ಯಾಯಾಮದಿಂದ ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ. ಹೆದರಿ ಕೈ ಕಟ್ಟಿ ಕೂತರೆ ಭುಜ ಹಿಡಿದುಕೊಳ್ಳುತ್ತದೆ.

ಭಾರದ ಬಗ್ಗೆ ಇರುವ ಭಯಕ್ಕೆ 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಿದೆ. 5 ಅಥವಾ ಹೆಚ್ಚು ಗ್ರಂಥಿ ತೆಗೆಸಿಕೊಂಡವರಲ್ಲಿ, ಕಲಿಸಿದ ಕ್ರಮದಲ್ಲಿ ಭಾರ ಎತ್ತಿದವರಿಗೆ ಬಾವು ಬಂದದ್ದು 7%, ಎತ್ತದವರಿಗೆ 22%. ಗುಟ್ಟಿರುವುದು ಕ್ರಮದಲ್ಲಿ. ಆಪರೇಷನ್ ಗಾಯ ಪೂರ್ತಿ ಮಾಗಿ ವೈದ್ಯರು ಒಪ್ಪಿದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿಯಿಂದ, ಅಂದರೆ ಅರ್ಧ ಕಿಲೋದಿಂದ ಶುರುಮಾಡಿ. ವಾರಕ್ಕೆ ಎರಡು ದಿನ, ನಡುವೆ ಬಿಡುವು, ಪ್ರತಿ ವ್ಯಾಯಾಮ 10 ಸಲ. ಎರಡು ಸರದಿ ಕೈ ಭಾರವೆನಿಸದೆ ಮುಗಿದರೆ ಮಾತ್ರ ತೂಕವನ್ನು ಚೂರು ಹೆಚ್ಚಿಸಿ. ಒಂದು ವಾರ ತಪ್ಪಿದರೆ ಹಿಂದಿನ ತೂಕಕ್ಕೆ ಇಳಿಯಿರಿ.

ಕೆಡುವುದು ಹೇಗೆಂದರೆ, ಆರು ತಿಂಗಳು ಏನೂ ಎತ್ತದ ಕೈ ಒಂದು ಬೆಳಿಗ್ಗೆ ಚಾಳಿನಲ್ಲಿ ನೀರು ಬಂದಿತೆಂದು 20 ಲೀಟರ್ ಬಕೆಟ್ಟುಗಳನ್ನು ಹೊರುತ್ತದೆ. ಅದು 20 ಕಿಲೋ. ಅರ್ಧ ತುಂಬಿಸಿ ಎರಡು ಸಲ ಹೋಗಿ, ಇಲ್ಲವೇ ಆ ಕೆಲಸವನ್ನು ಗಂಡಸರಿಗೆ ಬಿಡಿ. ಲೋಕಲ್‌ನಲ್ಲಿ ಚೀಲದ ಪಟ್ಟಿ ಆ ಕಡೆಯ ಭುಜವನ್ನು ಕೊರೆಯದಿರಲಿ. ನಿಂತು ಹಿಡಿಕೆ ಹಿಡಿಯುವುದರಿಂದ ತೊಂದರೆಯಿಲ್ಲ.

ಸೂಜಿ, ಬಿಪಿ, ವಿಮಾನ

ಮ್ಯಾಸಚೂಸೆಟ್ಸ್‌ನ ಅದೇ ಆಸ್ಪತ್ರೆ 600ಕ್ಕೂ ಹೆಚ್ಚು ಮಹಿಳೆಯರನ್ನು ಅಳೆದು 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಕೈಯಿಂದ ರಕ್ತ ತೆಗೆದದ್ದಕ್ಕೂ, ಇಂಜೆಕ್ಷನ್‌ಗೂ, ಬಿಪಿ ನೋಡಿದ್ದಕ್ಕೂ, ವಿಮಾನ ಪ್ರಯಾಣಕ್ಕೂ ಬಾವಿನೊಂದಿಗೆ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಕ್ಲಿಯರೆನ್ಸ್, ಗ್ರಂಥಿಗಳಿಗೆ ರೇಡಿಯೇಷನ್, 25ರ ಮೇಲಿನ ಬಿಎಂಐ ಮತ್ತು ಸೆಲ್ಯುಲೈಟಿಸ್‌ಗೆ. ಇನ್ನೊಂದು ಕೈ ಸುಲಭವಾಗಿ ಸಿಗುವಾಗ ಅದನ್ನೇ ಕೊಡಿ, ಸರಿ. ಆದರೆ ಇನ್ನೊಂದು ಕೈಯ ರಕ್ತನಾಳಗಳು ಕೀಮೋದಿಂದ ಗಟ್ಟಿಯಾಗಿ ಐದು ಸಲ ಚುಚ್ಚಿದರೂ ರಕ್ತ ಬಾರದಿರುವಾಗ, ತುರ್ತಿನಲ್ಲಿ, ಈ ಕೈ ಬೇಡವೆಂದು ಜಗಳವಾಡಬೇಡಿ. ಬಾವು ಇಲ್ಲದವರು ವಿಮಾನಕ್ಕೆಂದೇ ಸ್ಲೀವ್ (ಕೈಯನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ) ಕೊಳ್ಳಬೇಕಿಲ್ಲ.

ಬಾವು ಕಂಡಾಗ

ಟೇಪಿನಲ್ಲಿ ಏರಿಕೆ ಕಂಡ ಮೊದಲ ವಾರಗಳಲ್ಲಿ 20–30 ಎಂಎಂ ಎಚ್‌ಜಿ ಒತ್ತಡದ ಕಂಪ್ರೆಷನ್ ಸ್ಲೀವ್ ಅನ್ನು ಹಗಲು ಹೊತ್ತು ಸುಮಾರು 4 ವಾರ ಹಾಕಿದರೆ ಹಲವರಲ್ಲಿ ಬಾವು ಹಿಂದಕ್ಕೆ ಹೋಗುತ್ತದೆ. ಸ್ಲೀವ್ ಅನ್ನು ಅಂದಾಜಿಗೆ ಕೊಳ್ಳಬೇಡಿ. ತರಬೇತಿ ಪಡೆದ ಫಿಸಿಯೊಥೆರಪಿಸ್ಟ್ ಅಳತೆ ತೆಗೆಯಬೇಕು. ಮಣಿಕಟ್ಟಿನಲ್ಲಿ ಬಿಗಿಯಾದರೆ ದ್ರವ ಅಂಗೈಗೆ ಇಳಿಯುತ್ತದೆ, ಅಂಗೈ ಈಗಾಗಲೇ ಊದಿದ್ದರೆ ಗ್ಲೌಸ್ ಕೂಡ ಬೇಕು. ಮನೆಯಲ್ಲಿರುವ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡರೆ ಒಂದೆಡೆ ಸಡಿಲ, ಒಂದೆಡೆ ಬಿಗಿಯಾಗಿ ಕೇಡೇ ಹೆಚ್ಚು. ಸ್ಲೀವ್ ಹಾಕಿ ಮಲಗಬೇಡಿ. ದಿನವೂ ತೊಳೆಯಬೇಕಾದ್ದರಿಂದ ಎರಡು ಇರಲಿ, ಮಳೆಗಾಲದಲ್ಲಿ ಒಂದು ರಾತ್ರಿಯಲ್ಲಿ ಅದು ಒಣಗುವುದಿಲ್ಲ. ಸುಮಾರು 6 ತಿಂಗಳಿಗೆ ಅದರ ಬಿಗಿ ಹೋಗುತ್ತದೆ, ಆಗ ಬದಲಿಸಬೇಕು.

ನೀರು ಇಳಿಸುವ ಮಾತ್ರೆ ಈ ಬಾವಿಗೆ ಮದ್ದಲ್ಲ. ಅದು ನೀರನ್ನು ಎಳೆಯುತ್ತದೆ, ಪ್ರೋಟೀನ್ ಕೈಯಲ್ಲೇ ಉಳಿದು ಮತ್ತೆ ನೀರನ್ನು ಸೆಳೆಯುತ್ತದೆ.

ಸ್ಲೀವ್‌ಗೆ ಮೊದಲು ಇದು ಲಿಂಫೆಡಿಮಾವೇ ಎಂದು ಖಚಿತವಾಗಬೇಕು. ಲಿಂಫೆಡಿಮಾ ಸಾಮಾನ್ಯವಾಗಿ ವಾರಗಳಲ್ಲಿ ಬೆಳೆಯುತ್ತದೆ, ಹೆಚ್ಚು ನೋಯುವುದಿಲ್ಲ. ಒಂದೆರಡು ದಿನದಲ್ಲಿ ಇಡೀ ಕೈ ಊದಿ, ನೋವಿನ ಜೊತೆ ನೀಲಿಗಟ್ಟಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಕೀಮೋಗೆ ಪೋರ್ಟ್ ಅಥವಾ ಪಿಕ್ ಲೈನ್ (ಔಷಧ ಕೊಡಲು ರಕ್ತನಾಳದೊಳಗೆ ಬಿಡುವ ಕೊಳವೆ) ಹಾಕಿಸಿಕೊಂಡವರಲ್ಲಿ ವಿಶೇಷವಾಗಿ. ಅದೇ ದಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಆಗಬೇಕು. ಉಸಿರಾಟ ಕಷ್ಟವಾದರೆ ಓಪಿಡಿಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ. ವರ್ಷಗಳ ನಂತರ ಇದ್ದಕ್ಕಿದ್ದಂತೆ ಬಾವು ಬಂದು, ಜೊತೆಗೆ ಕಂಕುಳಿನಲ್ಲೋ ಕಾಲರ್ ಮೂಳೆಯ ಮೇಲೋ ಗಟ್ಟಿ ಗಂಟು ಸಿಕ್ಕರೆ, ಬೆರಳುಗಳ ಹಿಡಿತ ಸೋತರೆ, ಕೈ ಉದ್ದಕ್ಕೂ ಉರಿನೋವಿದ್ದರೆ ಫಿಸಿಯೊಥೆರಪಿಗೆ ಮುಂಚೆ ನಿಮ್ಮ ಆಂಕಾಲಜಿಸ್ಟ್‌ರನ್ನು ನೋಡಿ, ಅಳತೆಯ ನೋಟ್‌ಬುಕ್ಕನ್ನು ಜೊತೆಗೆ ಕೊಂಡೊಯ್ಯಿರಿ.